ಸಂಪಾದಕರ ಉತ್ತರ: ಸಾಮ್ರಾಜ್ಯ ಯಾರ ಕೈಯಿಂದ ನಡೆಯುತ್ತಿತ್ತು?

(ಇತಿಹಾಸ ಓದುತ್ತಿರುವ ಪದವಿ ವಿದ್ಯಾರ್ಥಿನಿಯೊಬ್ಬರು ಇಪ್ಪತ್ತನೇ ಶತಮಾನದ ಸ್ವಾತಂತ್ರ್ಯ ಹೋರಾಟಗಳ ಬಗ್ಗೆ ದೀರ್ಘ ಪತ್ರ ಬರೆದಿದ್ದಾರೆ. ಅದರ ತಿರುಳು: ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಸಾಮ್ರಾಜ್ಯಗಳು ಸೋತು ಸುಣ್ಣವಾಗಿ ವಸಾಹತುಗಳನ್ನು ತಾವಾಗಿಯೇ ಬಿಟ್ಟುಕೊಟ್ಟವು. ಹಾಗಿದ್ದರೆ ಜನರ ಹೋರಾಟದ ಪಾಲು ಎಷ್ಟು? ಭಾರತದಲ್ಲಿ ಸತ್ಯಾಗ್ರಹ ಗೆದ್ದಿತು, ಅಲ್ಜೀರಿಯಾದಲ್ಲಿ ಬಂದೂಕು ಗೆದ್ದಿತು. ಎರಡನ್ನೂ ಒಂದೇ ಪ್ರಬಂಧದಲ್ಲಿ ಹೇಗೆ ತರಲಿ? ಎಲ್ಲಿಂದ ಶುರು ಮಾಡಲಿ?)

ಪ್ರಿಯ ವಿದ್ಯಾರ್ಥಿನಿ,

ನಿಮ್ಮ ಮೊದಲ ಮಾತಿನಿಂದಲೇ ಹೊರಡೋಣ. ಯುದ್ಧ ಸಾಮ್ರಾಜ್ಯಗಳನ್ನು ಹಣ್ಣು ಮಾಡಿತು ಎಂಬುದು ನಿಜ. ಭಾರತವೊಂದಕ್ಕೇ ಬ್ರಿಟನ್ ಸುಮಾರು 130 ಕೋಟಿ ಪೌಂಡ್ ಬಾಕಿ ಉಳಿಸಿಕೊಂಡಿತ್ತು. 1946ರಲ್ಲಿ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ಎತ್ತಬೇಕಾಯಿತು. ಆದರೆ ದಣಿದವರು ಬಿಟ್ಟು ಹೋಗುತ್ತಾರೆ ಎಂಬುದೇ ಸೂತ್ರವಾಗಿದ್ದರೆ, ಜರ್ಮನಿಯ ಹಿಡಿತದಲ್ಲಿ ನಲುಗಿ ಎದ್ದ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಎಲ್ಲರಿಗಿಂತ ಮೊದಲು ಕೈಬಿಡಬೇಕಿತ್ತು. ನಡೆದದ್ದು ಉಲ್ಟಾ. ಇಂಡೋನೇಷ್ಯಾ 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಿಸಿದ ಮೇಲೆ ಅದನ್ನು ಆಳುತ್ತಿದ್ದ ಡಚ್ಚರು, ಅಂದರೆ ನೆದರ್ಲೆಂಡ್ಸಿನವರು, 1947ರಲ್ಲೊಮ್ಮೆ, 1948ರಲ್ಲೊಮ್ಮೆ ಸೈನ್ಯ ನುಗ್ಗಿಸಿದರು. ಫ್ರಾನ್ಸ್ ವಿಯೆಟ್ನಾಮಿನಲ್ಲಿ ದಿಯೆನ್ ಬಿಯೆನ್ ಫುನಲ್ಲಿ ಸೋಲುವವರೆಗೆ, ಅಂದರೆ 1954ರ ಮೇ 7ರವರೆಗೆ ಬಡಿದಾಡಿತು. ಅದೇ ನವೆಂಬರಿನಲ್ಲಿ ಅಲ್ಜೀರಿಯಾದಲ್ಲಿ ಮತ್ತೊಂದು ಯುದ್ಧ ಶುರುವಾಯಿತು. ಇನ್ನು ಪೋರ್ಚುಗಲ್ ಮಹಾಯುದ್ಧದಲ್ಲಿ ತಟಸ್ಥವಾಗಿತ್ತು. ಅದರ ಆಫ್ರಿಕನ್ ವಸಾಹತುಗಳು ಬಿಡುಗಡೆಗೆ 1974-75ರವರೆಗೆ ಕಾಯಬೇಕಾಯಿತು. ಆಳುವವರು ದಣಿದಿದ್ದರೆ ಅವರ ಬಲ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ, ಬಿಟ್ಟುಕೊಡುವ ಮನಸ್ಸಿದೆಯೇ ಎಂಬುದು ಗೊತ್ತಾಗುವುದಿಲ್ಲ.

ಹಾಗಾದರೆ ಯಾವ ಪ್ರಶ್ನೆ ಹಿಡಿದು ಹೊರಡಬೇಕು? ನಮ್ಮ ಸಲಹೆ ಒಂದೇ: ಪ್ರತಿಯೊಂದು ದೇಶದಲ್ಲೂ ಆಳ್ವಿಕೆಯ ದಿನನಿತ್ಯದ ಕೆಲಸ ಯಾರ ಕೈಯಿಂದ ನಡೆಯುತ್ತಿತ್ತು, ಆ ಕೈಗಳು ಯಾವಾಗ, ಯಾಕೆ ಹಿಂದೆ ಸರಿದವು ಎಂದು ಹುಡುಕಿ. ಕಂದಾಯ ಎತ್ತುವವನು, ಹಡಗಿಗೆ ಸರಕು ತುಂಬುವವನು, ಆಜ್ಞೆ ಬಂದಾಗ ಗುಂಡು ಹಾರಿಸುವವನು, ಇವರಲ್ಲಿ ಬಹುಪಾಲು ಆಳಿಸಿಕೊಳ್ಳುವ ಜನರೇ ಆಗಿದ್ದರು.

1930ರ ಉಪ್ಪಿನ ಸತ್ಯಾಗ್ರಹವನ್ನು ಈ ಕಣ್ಣಿನಿಂದ ನೋಡಿ. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು ಏಪ್ರಿಲ್ 6ರಂದು ದಂಡಿಯಲ್ಲಿ ಹಿಡಿ ಉಪ್ಪು ಎತ್ತಿದ್ದನ್ನು ಎಲ್ಲರೂ ಬರೆಯುತ್ತಾರೆ. ಉಪ್ಪಿನ ತೆರಿಗೆ ಸರ್ಕಾರದ ಒಟ್ಟು ಆದಾಯದಲ್ಲಿ ಸಣ್ಣ ಭಾಗ. ಅದು ನಿಂತರೆ ಖಜಾನೆ ಬರಿದಾಗುತ್ತಿರಲಿಲ್ಲ. ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ಸಂಗತಿಗಳು ಬೇರೆ ಇವೆ. ಯಾತ್ರೆ ಸಾಗಿದ ಗುಜರಾತಿನ ಹಳ್ಳಿಗಳಲ್ಲಿ ಪಟೇಲರು ರಾಜೀನಾಮೆ ಕೊಡತೊಡಗಿದರು. ಪಟೇಲನಿಲ್ಲದ ಊರಲ್ಲಿ ಕಂದಾಯದ ಲೆಕ್ಕ ಇಡುವವರಿಲ್ಲ, ಪೊಲೀಸರಿಗೆ ಸುದ್ದಿ ಮುಟ್ಟಿಸುವವರಿಲ್ಲ. ಇನ್ನೊಂದು, ಏಪ್ರಿಲ್ 23ರಂದು ಪೇಶಾವರದಲ್ಲಿ ಚಂದ್ರ ಸಿಂಗ್ ಗಢವಾಲಿ ಮತ್ತು ಅವರ ಜೊತೆಯ ಗಢವಾಲ್ ರೈಫಲ್ಸ್ ಸೈನಿಕರು ನಿರಾಯುಧ ಗುಂಪಿನ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಅವರಿಗೆ ಕಠಿಣ ಶಿಕ್ಷೆಯಾಯಿತು, ಆದರೆ ಆಡಳಿತಕ್ಕೆ ತಟ್ಟಿದ ಭಯ ಹೋಗಲಿಲ್ಲ. ಹದಿನಾರು ವರ್ಷಗಳ ನಂತರ, 1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ನೌಕಾ ತರಬೇತಿ ಕೇಂದ್ರದಲ್ಲಿ ಕೆಟ್ಟ ಊಟ ಮತ್ತು ಅವಮಾನದ ಮಾತುಗಳಿಂದ ಹೊತ್ತಿದ ಮುಷ್ಕರ ಸುಮಾರು ಇಪ್ಪತ್ತು ಸಾವಿರ ನಾವಿಕರಿಗೆ ಹಬ್ಬಿತು. ಭಾರತೀಯ ಸೈನಿಕನನ್ನು ನೆಚ್ಚಿ ಭಾರತವನ್ನು ಆಳುವ ಕಾಲ ಮುಗಿಯುತ್ತಿತ್ತು. ಮುಂದಿನ ವರ್ಷ ಅದೇ ಫೆಬ್ರವರಿ 20ರಂದು ಬ್ರಿಟನ್ ಪ್ರಧಾನಿ ಅಟ್ಲಿ, 1948ರ ಜೂನ್ ಒಳಗೆ ಅಧಿಕಾರ ಹಸ್ತಾಂತರಿಸುವುದಾಗಿ ಸಂಸತ್ತಿನಲ್ಲಿ ಹೇಳಿದರು. ಆದ್ದರಿಂದ ‘ಸತ್ಯಾಗ್ರಹ ಗೆದ್ದಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ.

ದಕ್ಷಿಣ ಆಫ್ರಿಕಾದ ಒಂದು ಸಣ್ಣ ಪ್ರಸಂಗ ಇದಕ್ಕಿಂತಲೂ ಸ್ಪಷ್ಟ. 1957ರ ಜನವರಿಯಲ್ಲಿ ಅಲೆಕ್ಸಾಂಡ್ರಾ ಎಂಬ ಕಪ್ಪು ಜನರ ಬಡಾವಣೆಯಿಂದ ಜೋಹಾನ್ಸ್‌ಬರ್ಗ್ ನಗರಕ್ಕೆ ಬಸ್ ದರ ನಾಲ್ಕು ಪೆನ್ನಿಯಿಂದ ಐದಕ್ಕೆ ಏರಿತು. ಏರಿಕೆ ಒಂದೇ ಪೆನ್ನಿ. ಲೆಕ್ಕ ಹಾಕಿ: ದಿನಕ್ಕೆ ಎರಡು ಪ್ರಯಾಣ, ವಾರಕ್ಕೆ ಆರು ದಿನ, ಒಟ್ಟು 12 ಪೆನ್ನಿ, ಅಂದರೆ ವಾರಕ್ಕೊಂದು ಶಿಲಿಂಗ್ ಹೆಚ್ಚು. ಬಾಡಿಗೆ, ಊಟ ಕಳೆದರೆ ಏನೂ ಉಳಿಯದ ಕೂಲಿಯಲ್ಲಿ ಆ ಶಿಲಿಂಗಿಗೆ ಜಾಗ ಇರಲಿಲ್ಲ. ಜನವರಿ 7ರಿಂದ ಸಾವಿರಾರು ಮಂದಿ ಬಸ್ ಹತ್ತುವುದನ್ನೇ ಬಿಟ್ಟು ಹೋಗುವಾಗ ಸುಮಾರು 15 ಕಿಲೋಮೀಟರ್, ಬರುವಾಗ ಅಷ್ಟೇ ನಡೆದರು. ಬಸ್ಸುಗಳು ಖಾಲಿ ಓಡಿದವು. ದಾರಿಯಲ್ಲಿ ಯಾರಾದರೂ ಕಾರು ನಿಲ್ಲಿಸಿ ಹತ್ತಿಸಿಕೊಂಡರೆ ಪೊಲೀಸರು ಕಾಗದಪತ್ರ ಕೇಳಿ ಕಾಡಿದರು. ಆದರೂ ನಡಿಗೆ ಏಪ್ರಿಲ್‌ವರೆಗೆ ನಿಲ್ಲಲಿಲ್ಲ. ಸೋತು ಬರುವ ಕೆಲಸಗಾರರಿಂದ ಕೆಲಸ ಕುಂಠಿತವಾಗಿ, ವ್ಯತ್ಯಾಸದ ಹಣವನ್ನು ಉದ್ಯಮಿಗಳೇ ತುಂಬಿಕೊಟ್ಟರು. ಪ್ರಯಾಣಿಕರು ಹಳೆಯ ನಾಲ್ಕು ಪೆನ್ನಿಗೆ ಮತ್ತೆ ಬಸ್ ಹತ್ತಿದರು.

ಇದನ್ನು ದೊಡ್ಡ ವಿಜಯವೆಂದು ಬರೆದರೆ ತಪ್ಪಾಗುತ್ತದೆ. ಕಪ್ಪು ಜನರು ಓಡಾಡಲು ಸದಾ ಗುರುತಿನ ಪಾಸ್ ಇಟ್ಟುಕೊಳ್ಳಬೇಕೆಂಬ ಪಾಸ್ ಕಾನೂನು ಹಾಗೇ ಉಳಿಯಿತು. ಮೂರು ವರ್ಷಗಳ ನಂತರ, 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಅದೇ ಕಾನೂನನ್ನು ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ, ಅಧಿಕೃತ ಲೆಕ್ಕದಂತೆ 69 ಮಂದಿಯನ್ನು ಕೊಂದರು. ಎಲ್ಲರಿಗೂ ಮತದಾನದ ಹಕ್ಕು ಬಂದದ್ದು 1994ರ ಏಪ್ರಿಲ್‌ನಲ್ಲಿ. ಆದರೂ ಬಸ್ ಬಹಿಷ್ಕಾರ ಒಂದನ್ನು ತೋರಿಸಿಕೊಟ್ಟಿತು: ಆ ನಗರದ ಅಂಗಡಿ, ಕಾರ್ಖಾನೆ, ಅಡುಗೆಮನೆ ಎಲ್ಲವೂ ಬೆಳಿಗ್ಗೆ ಯಾರು ಬಂದರೆ ತೆರೆಯುತ್ತಿದ್ದವು ಎಂಬುದನ್ನು. 1985ರಲ್ಲಿ ವಿದೇಶಿ ಬ್ಯಾಂಕುಗಳು ದಕ್ಷಿಣ ಆಫ್ರಿಕಾದ ಅಲ್ಪಾವಧಿ ಸಾಲವನ್ನು ಮುಂದುವರಿಸಲು ಒಲ್ಲೆ ಎಂದಾಗ ಆ ದೇಶದ ಸರ್ಕಾರ ಸಾಲ ಮರುಪಾವತಿಯನ್ನೇ ತಡೆಹಿಡಿಯಬೇಕಾಯಿತು. ಆ ಬ್ಯಾಂಕುಗಳನ್ನು ಹೆದರಿಸಿದ್ದು ಇಂಥ ಬಡಾವಣೆಗಳಲ್ಲಿ ಎದ್ದ ಪ್ರತಿರೋಧವೇ.

ಈಗ ಅಲ್ಜೀರಿಯಾ. ಬಂದೂಕು ಗೆದ್ದಿತು ಎಂದು ಬರೆಯುವ ಮುನ್ನ ಒಂದು ವಿಚಿತ್ರವನ್ನು ಎದುರಿಸಿ: ಸೈನಿಕವಾಗಿ ನೋಡಿದರೆ ಫ್ರಾನ್ಸ್ ಗೆಲ್ಲುತ್ತಿತ್ತು. ಸುಮಾರು ನಾಲ್ಕು ಲಕ್ಷ ಸೈನಿಕರು ಅಲ್ಲಿದ್ದರು, ಟ್ಯುನೀಶಿಯಾ ಗಡಿಗೆ ವಿದ್ಯುತ್ ತಂತಿ ಬೇಲಿ ಬಿದ್ದಿತ್ತು, 1959-60ರ ಹೊತ್ತಿಗೆ ಒಳನಾಡಿನ ಗೆರಿಲ್ಲಾ ಪಡೆಗಳು ತೀರಾ ಸೊರಗಿದ್ದವು. 1957ರ ಜನವರಿ 28ರಿಂದ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಸುತ್ತಿದ್ದ ಸಂಘಟನೆ ರಾಷ್ಟ್ರೀಯ ವಿಮೋಚನಾ ರಂಗ ಎಂಟು ದಿನಗಳ ಮುಷ್ಕರ ಕರೆದದ್ದು ವಿಶ್ವಸಂಸ್ಥೆಯಲ್ಲಿ ಅಲ್ಜೀರಿಯಾದ ಚರ್ಚೆ ನಡೆಯುವ ಹೊತ್ತಿಗೆ. ಸೈನಿಕರು ಅಂಗಡಿಗಳ ಬಾಗಿಲು ಕಿತ್ತು, ಕೆಲಸಗಾರರನ್ನು ಲಾರಿಗೆ ತುಂಬಿ ಮುಷ್ಕರ ಮುರಿದರು. ಆದರೆ ಹಾಗೆ ಮುರಿಯಬೇಕಾಗಿ ಬಂದದ್ದೇ, ಅಲ್ಜೀರಿಯಾ ಫ್ರಾನ್ಸಿನ ಭಾಗ ಎಂಬ ವಾದದ ಬುಡಕ್ಕೆ ಪೆಟ್ಟು. 1960ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅಲ್ಜೀರಿಯಾಕ್ಕೆ ಬಂದಿದ್ದಾಗ ಆಲ್ಜಿಯರ್ಸ್ ಬೀದಿಗಳಲ್ಲಿ ಸ್ವಾತಂತ್ರ್ಯದ ಬಾವುಟ ಹಿಡಿದು ಸಾಮಾನ್ಯ ಜನ ತುಂಬಿಕೊಂಡರು. 1962ರ ಮಾರ್ಚ್ 18ರಂದು, ಯುದ್ಧ ನಿಲ್ಲಿಸಿ ಸ್ವಾತಂತ್ರ್ಯಕ್ಕೆ ದಾರಿ ಮಾಡಿದ ಎವಿಯಾನ್ ಒಪ್ಪಂದವಾಯಿತು. ಬಂದೂಕು ಪ್ರಶ್ನೆಯನ್ನು ಜೀವಂತವಾಗಿ ಇಟ್ಟಿತು, ಅದಕ್ಕೆ ಉತ್ತರ ಕೊಟ್ಟವರು ಬೀದಿಗಿಳಿದ ಜನ ಎಂಬುದು ನಮ್ಮ ತೀರ್ಮಾನ. ನೀವು ಒಪ್ಪದಿರಬಹುದು, ಒಪ್ಪದಿದ್ದರೆ ಆಧಾರ ಕೊಟ್ಟು ಬರೆಯಿರಿ.

ಧ್ವಜ ಏರಿದ ದಿನಕ್ಕೆ ಪ್ರಬಂಧ ನಿಲ್ಲಿಸುವುದು ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಜಾಗ. ಸಹಿಯಾದ ಕಾಗದದಲ್ಲಿ ಏನಿತ್ತು ನೋಡಿ. ಇಂಡೋನೇಷ್ಯಾಕ್ಕೆ 1949ರ ಡಿಸೆಂಬರ್ 27ರಂದು ಅಧಿಕಾರ ಸಿಕ್ಕಿತು, ಜೊತೆಗೆ ವಸಾಹತು ಸರ್ಕಾರದ 430 ಕೋಟಿ ಗಿಲ್ಡರ್ ಸಾಲದ ಹೊರೆಯೂ ಬಂತು. ಪಶ್ಚಿಮ ನ್ಯೂಗಿನಿ ಡಚ್ಚರ ಕೈಯಲ್ಲೇ ಉಳಿಯಿತು. ಫ್ರಾನ್ಸ್ ತನ್ನ ವಸಾಹತುಗಳನ್ನು ಸೇರಿಸಿ ಕಟ್ಟಹೊರಟ ಫ್ರೆಂಚ್ ಸಮುದಾಯ ಎಂಬ ಕೂಟ ಬೇಡವೆಂದು 1958ರ ಸೆಪ್ಟೆಂಬರ್ 28ರಂದು ಮತ ಹಾಕಿದ ಪಶ್ಚಿಮ ಆಫ್ರಿಕಾದ ಗಿನಿಯಿಂದ ಫ್ರಾನ್ಸ್ ನೌಕರರನ್ನೂ ಕಡತಗಳನ್ನೂ ಉಪಕರಣಗಳನ್ನೂ ಕಿತ್ತುಕೊಂಡು ಹೋಯಿತು. ಬೆಲ್ಜಿಯಂನ ವಸಾಹತಾಗಿದ್ದ ಕಾಂಗೋಗೆ 1960ರ ಜೂನ್ 30ರಂದು ಸ್ವಾತಂತ್ರ್ಯ ಬಂದಾಗ ಅದರ ಸೈನ್ಯದಲ್ಲಿ ಒಬ್ಬನೇ ಒಬ್ಬ ಕಾಂಗೋಲಿ ಅಧಿಕಾರಿ ಇರಲಿಲ್ಲ. ಜುಲೈ 5ರಂದು ಬೆಲ್ಜಿಯಂನ ಸೇನಾಧಿಪತಿ ಜಾನ್ಸೆನ್ಸ್ ಸೈನಿಕರನ್ನು ಸೇರಿಸಿ, ಸ್ವಾತಂತ್ರ್ಯಕ್ಕೆ ಮುಂಚೆ ಹೇಗೋ ನಂತರವೂ ಹಾಗೇ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು. ಅಂದೇ ದಂಗೆ ಶುರುವಾಯಿತು. ಜುಲೈ 11ಕ್ಕೆ ತಾಮ್ರದ ಗಣಿಗಳ ಕಟಾಂಗಾ ಪ್ರಾಂತ ಬೇರೆಯಾಗುವುದಾಗಿ ಸಾರಿತು. ಪ್ರಧಾನಿ ಲುಮುಂಬಾ ಅವರನ್ನು ಮುಂದಿನ ಜನವರಿ 17ರಂದು ಕೊಲ್ಲಲಾಯಿತು.

ಇನ್ನು ಕೆಲಸದ ಮಾತು. ಹತ್ತು ದೇಶ ಹಿಡಿದರೆ ಪ್ರಬಂಧ ಇಸವಿಗಳ ಪಟ್ಟಿಯಾಗುತ್ತದೆ, ಎರಡು ಸಾಕು. ಪ್ರತಿ ದೇಶಕ್ಕೂ ಒಂದು ಹಾಳೆಯಲ್ಲಿ ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಹಿಂದಿನಿಂದ ಐದು ವರ್ಷ ಮುಂದಿನವರೆಗೆ ಕಾಲರೇಖೆ ಎಳೆಯಿರಿ. ಘೋಷಣೆಯ ದಿನ, ಮಾನ್ಯತೆ ಸಿಕ್ಕ ದಿನ ಬೇರೆ ಬೇರೆ ಗುರುತಿಸಿ. ಇಂಡೋನೇಷ್ಯಾದಲ್ಲಿ ಎರಡರ ನಡುವೆ ನಾಲ್ಕು ವರ್ಷ ಇದೆ. ಇಡೀ ಹೋರಾಟ ಇರುವುದು ಆ ಅಂತರದಲ್ಲೇ. ಸಾವಿನ ಸಂಖ್ಯೆ ಬರೆಯುವಾಗ ಎಣಿಸಿದವರು ಯಾರು ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಿ. 1945ರ ಮೇ 8ರಂದು, ಯುರೋಪು ವಿಜಯೋತ್ಸವ ಆಚರಿಸುತ್ತಿದ್ದ ದಿನ, ಅಲ್ಜೀರಿಯಾದ ಸೆತಿಫ್‌ನಲ್ಲಿ ಹೊತ್ತಿದ ಘರ್ಷಣೆಯಲ್ಲಿ ಮೊದಲು ನೂರರಷ್ಟು ಯುರೋಪಿಯನ್ನರು ಸತ್ತರು. ಅದಕ್ಕೆ ಪ್ರತೀಕಾರವಾಗಿ ಕೊಂದ ಅಲ್ಜೀರಿಯನ್ನರು ಸಾವಿರದ ಆಸುಪಾಸು ಎಂದು ಅಂದಿನ ಫ್ರೆಂಚ್ ಆಡಳಿತ ಹೇಳಿತು. ಅಲ್ಜೀರಿಯಾ ಸರ್ಕಾರ 45,000 ಎನ್ನುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಒಂದನ್ನು ಮರೆಮಾಚಲೂ ಬೇಡಿ.

ಜೋಡಿ ಆರಿಸುವುದು ಕಷ್ಟವಾದರೆ ಇಂಡೋನೇಷ್ಯಾ ಮತ್ತು ಕಾಂಗೋ ತೆಗೆದುಕೊಳ್ಳಿ. ಒಂದರಲ್ಲಿ ನಾಲ್ಕು ವರ್ಷದ ಹೊಡೆದಾಟದ ನಡುವೆ ಆಡಳಿತ ನಡೆಸುವವರು ರೂಪುಗೊಂಡರು. ಇನ್ನೊಂದರಲ್ಲಿ ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನಲ್ಲಿ ನಡೆದ ಸ್ವಾತಂತ್ರ್ಯದ ಮಾತುಕತೆಯಿಂದ ಹಸ್ತಾಂತರದವರೆಗೆ ಸಿಕ್ಕದ್ದು ಐದೇ ತಿಂಗಳು. ಕಾಲರೇಖೆ ಎಳೆದ ಹಾಳೆಗಳನ್ನು ಮೊದಲು ಕಳುಹಿಸಿ. ನೋಡಿ, ತಿದ್ದಿ ಕಳುಹಿಸುತ್ತೇವೆ.

– ಸಂಪಾದಕ