ಬೈಸ ನಮ್ಮ ಪೈಸೆಯೇ, ಆದರೆ ರಿಯಾಲನ್ನು ಗುಣಿಸುತ್ತಾ ಕೂರಬೇಡ

ತಮ್ಮಾ, 'ಮುಂದಿನ ತಿಂಗಳು ಒಮಾನಿನ ಮಸ್ಕತ್‌ಗೆ ಬರುತ್ತಿದ್ದೇನೆ, ಅಲ್ಲಿಯ ಬೈಸ ಅಂದರೆ ನಮ್ಮ ಪೈಸೆಯಾ, ರಿಯಾಲ್ ಎಂಬ ಹೆಸರು ಎಲ್ಲಿಯದು, ಕೈಯಲ್ಲಿ ಎಷ್ಟು ದುಡ್ಡಿರಬೇಕು' ಎಂದು ಕೇಳಿದ್ದೀಯ. ದುಡ್ಡು ಮೊದಲ ಸಂಬಳದವರೆಗೆ ಊಟಕ್ಕೆ ಸಾಕಾಗುವಷ್ಟಿರಲಿ. ರೂಮು ಕಂಪನಿಯದ್ದಾದರೆ ಬೇರೆ ಚಿಂತೆಯಿಲ್ಲ.

ಬೈಸ ನಮ್ಮ ಪೈಸೆಯೇ. ಅರಬ್ಬಿಯಲ್ಲಿ 'ಪ' ಇಲ್ಲ, ಹಾಗಾಗಿ 'ಬ' ಆಯಿತು. ನಾನು ಬಂದ ಹೊಸತರಲ್ಲಿ ಇಲ್ಲಿಯ ಹಳೆಯ ಪೇಟೆ ಮತ್ರಾದ ಅಂಗಡಿಯ ಮುದುಕರೊಬ್ಬರು, 'ಮೊದಲು ನಮ್ಮಲ್ಲೂ ನಿಮ್ಮ ರೂಪಾಯಿಯೇ ಓಡುತ್ತಿತ್ತು' ಎಂದಾಗ ಎದೆ ಉಬ್ಬಿತ್ತು. ಮಾತು ನಿಜ. ರೂಪಾಯಿ ಕೊಟ್ಟು ಚಿನ್ನ ಕಳ್ಳಸಾಗಣೆ ಮಾಡುವುದು ಹೆಚ್ಚಾಗಿ, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕೇ ಕೊಲ್ಲಿಯವರಿಗೆಂದು ಬೇರೆ ಬಣ್ಣದ ನೋಟು ಹೊರಡಿಸಿತು. 1966ರಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ಅದನ್ನು ಇನ್ನೂ ಬಳಸುತ್ತಿದ್ದ ಉಳಿದ ಕೊಲ್ಲಿ ನಾಡುಗಳೂ ಬಿಟ್ಟವು. ಒಮಾನ್ ಮಾತ್ರ 1970ರವರೆಗೆ ಇಟ್ಟುಕೊಂಡಿತು. ಆಗ ಬಂದದ್ದು ಆಳುವ ಅಲ್ ಸಯೀದ್ ಮನೆತನದ ಹೆಸರಿನ 'ರಿಯಾಲ್ ಸಯೀದಿ'. ಮುಂದೆ ಅದೇ ಒಮಾನಿ ರಿಯಾಲ್. ರಿಯಾಲ್ ಎಂಬುದು ಸ್ಪೇನ್, ಪೋರ್ಚುಗಲ್‌ಗಳ 'ರೆಆಲ್' ನಾಣ್ಯದಿಂದ ಬಂದದ್ದು, ಅರ್ಥ 'ರಾಜನದು'.

ಒಂದು ರಿಯಾಲ್‌ಗೆ ನೂರಲ್ಲ, ಸಾವಿರ ಬೈಸ. ಅದಕ್ಕೇ ಚುಕ್ಕಿಯ ನಂತರ ಮೂರು ಅಂಕಿ ಬರೆಯುತ್ತಾರೆ. ನಿನ್ನ ಸಂಬಳದ ಕಾಗದದಲ್ಲಿ 150.000 ಎಂದಿದ್ದರೆ ಅದು ನೂರೈವತ್ತು ರಿಯಾಲ್. ಒಂದೂವರೆ ಲಕ್ಷ ಎಂದು ತಿಳಿದು ಊರಲ್ಲಿ ಸಾಲ ಮಾಡಿಬಿಡಬೇಡ.

ನಾನು ಒತ್ತಿ ಹೇಳಬೇಕಾದದ್ದು ಬೇರೆಯೇ ಉಂಟು. ಹೆಸರು ನಮ್ಮದೇ ಆದ್ದರಿಂದಲೋ ಏನೋ, ಇಲ್ಲಿಗೆ ಬಂದವರ ಮನಸ್ಸು ಪ್ರತಿ ಖರ್ಚನ್ನೂ ರೂಪಾಯಿಗೆ ಗುಣಿಸುತ್ತದೆ. ರಿಯಾಲ್‌ಗೆ ಇನ್ನೂರಕ್ಕೂ ಹೆಚ್ಚು ರೂಪಾಯಿ; ಗುಣಿಸಿದರೆ ಯಾವುದಕ್ಕೂ ಕೈ ಬಾರದು. ನನ್ನ ರೂಮಿನಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಸಕ್ಕರೆ ಕಾಯಿಲೆಯವರು. ಕಾಲಿಗೆ ಗಾಯವಾದಾಗ, 'ಡಾಕ್ಟರಿಗೆ ಹತ್ತು ರಿಯಾಲ್ ಅಂದರೆ ಊರಲ್ಲಿ ಮಗಳ ಪುಸ್ತಕವೆಲ್ಲ ಬರುತ್ತದೆ' ಎಂದು ಅರಿಶಿನ ಹಚ್ಚಿಕೊಂಡೇ ದಿನ ದೂಡಿದರು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಕೆಲಸವೂ ಹೋಗಿ ಊರಿಗೆ ಮರಳಿದರು. ಅಂಥ ಒಳ್ಳೆಯ ಮನುಷ್ಯ, ಬರೀ ಒಂದು ಲೆಕ್ಕಕ್ಕೆ ಸಿಕ್ಕಿ ಹಾಗಾದರಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಮನೆಗೆ ಕಳಿಸುವಾಗ ಗುಣಿಸು, ಬೇಕಾದಷ್ಟು ಗುಣಿಸು. ಔಷಧಿ, ಊಟದ ಖರ್ಚನ್ನು ಮಾತ್ರ ರಿಯಾಲ್‌ನಲ್ಲೇ ನೋಡು. ಹೊರಡುವ ಮುಂಚೆ, ಆಸ್ಪತ್ರೆ ಖರ್ಚು ಕಂಪನಿ ಕೊಡುತ್ತದೆಯೇ ಎಂದು ಕೇಳಿ ಕಾಗದದಲ್ಲಿ ಬರೆಸಿಕೊಂಡು ಬಾ.