ನಿಂಟೆಂಡೊ ಕಂಪನಿಯ ‘ಝೆಲ್ಡಾ’ ವಿಡಿಯೋ ಗೇಮ್‌ಗಳ ಸಂಗೀತ ಇಷ್ಟೊಂದು ನೆನಪಲ್ಲಿ ಉಳಿಯೋದು ಯಾಕೆ?

ದೊಡ್ಡ ಕಾರಣ, ಆ ರಾಗಗಳನ್ನು ನಾವೇ ನುಡಿಸುತ್ತೇವೆ. 1998ರ ‘ಒಕರಿನಾ ಆಫ್ ಟೈಮ್’ನಲ್ಲಿ ಒಕರಿನಾ ಅನ್ನೋ ಪುಟ್ಟ ಊದುವ ವಾದ್ಯ ನುಡಿಸಬೇಕು; ಕಂಟ್ರೋಲರ್‌ನ ಐದು ಬಟನ್‌ಗಳೇ ಐದು ಸ್ವರ. ಗೇಮ್‌ನ ರಾಜಕುಮಾರಿ ಝೆಲ್ಡಾಳ ಜೋಗುಳಕ್ಕೆ ಎಡ, ಮೇಲೆ, ಬಲ ಒತ್ತಬೇಕು. ಮತ್ತೆ ಅದೇ ಮೂರು. ಅಷ್ಟಕ್ಕೇ ಜಲಪಾತ ಸರಿದು ದಾರಿ ಬಿಡುತ್ತದೆ! ಕಿವಿಯ ಜೊತೆ ಬೆರಳೂ ಕಲಿಯುತ್ತದೆ. ನಮ್ಮ ಕಲಬುರಗಿ ಕಡೆ ಭಜನೆಯಲ್ಲಿ ತತ್ವಪದದ ಪಲ್ಲವಿಯನ್ನು ಕೂತವರೆಲ್ಲ ತಿರುಗಿ ಹಾಡುತ್ತಾರಲ್ವಾ, ಹಾಗೆ.

ಹಳೆಯ ರಾಗ ಹೊಸ ಗೇಮ್‌ನಲ್ಲಿ ಮತ್ತೆ ಸಿಗುವುದೂ ಇದೆ. ಸಂಗೀತ ಸಂಯೋಜಕ ಕೋಜಿ ಕೊಂಡೊ 1986ರಲ್ಲಿ ಮಾಡಿದ ಮುಖ್ಯ ರಾಗ ಎಷ್ಟೋ ಗೇಮ್‌ಗಳಲ್ಲಿ ಬಂದಿದೆ. ನನಗೆ ಜಾಸ್ತಿ ಇಷ್ಟವಾದದ್ದು 2011ರ ‘ಸ್ಕೈವರ್ಡ್ ಸ್ವೋರ್ಡ್’. ಅದರ ಮುಖ್ಯ ರಾಗ ಆ ಜೋಗುಳವನ್ನೇ ಹಿಂದಿನಿಂದ ಮುಂದಕ್ಕೆ ನುಡಿಸಿದ್ದು.

ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸುವಾಗ ನನ್ನ ತಮ್ಮ ಇವತ್ತಿಗೂ ಆ ಮೂರು ಸ್ವರ ಸಿಳ್ಳೆ ಹಾಕುತ್ತಾನೆ.