ಒಂದೂವರೆ ಪಟ್ಟು ದರ ಸಿಕ್ಕರೆ ಖಾಯಂ ನೌಕರಿ ಬಿಡಬಹುದೇ?

ಪ್ರಶ್ನೆ: ಮಾನ್ಯರೇ, ನಾನು ಹನ್ನೊಂದು ವರ್ಷಗಳಿಂದ ಒಂದೇ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ಖಾಯಂ ನೌಕರನಾಗಿದ್ದೇನೆ. ಯಂತ್ರದ ಬಿಡಿಭಾಗಗಳ ನಕ್ಷೆ ತಯಾರಿಸುವುದು ನನ್ನ ಕೆಲಸ. ಹಿಂದೆ ನನಗೆ ಮೇಲಧಿಕಾರಿಯಾಗಿದ್ದವರು ಈಗ ಬೇರೊಂದು ಕಂಪನಿಯಲ್ಲಿದ್ದು, ಆರು ತಿಂಗಳ ಗುತ್ತಿಗೆಯ ಮೇಲೆ ಬರುವಂತೆ ಕರೆದಿದ್ದಾರೆ. ನನ್ನ ಈಗಿನ ಸಂಬಳ ದಿನಕ್ಕೆ ಎಷ್ಟು ಬೀಳುತ್ತದೋ ಅದರ ಒಂದೂವರೆ ಪಟ್ಟು ದರ ಕೊಡುತ್ತಾರಂತೆ. ಕೆಲಸ ಚೆನ್ನಾಗಿ ನಡೆದರೆ ಮುಂದುವರಿಸುವುದಾಗಿಯೂ ಹೇಳಿದ್ದಾರೆ. ಇಲ್ಲಿ ನನಗೆ ಬೆಳೆಯುವ ದಾರಿ ಕಾಣುತ್ತಿಲ್ಲ. ಪತ್ನಿಗೂ ಉದ್ಯೋಗವಿದೆ, ಆದರೆ ಮನೆ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಇರುವುದರಿಂದ ಅವರು ಹಿಂಜರಿಯುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬಂದಿರುವ ದರ ಸಾಕೇ ಎಂಬುದು ಒಂದು, ನಿಮ್ಮ ಬೆಳವಣಿಗೆಗೆ ಗುತ್ತಿಗೆ ಕೆಲಸ ನಿಜವಾಗಿ ನೆರವಾಗುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕವೇ ಉತ್ತರ ಹೇಳುವುದರಿಂದ ಅಲ್ಲಿಂದಲೇ ತೊಡಗೋಣ.

ನಿಮ್ಮ ತಿಂಗಳ ಸಂಬಳ 100 ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 1,200 ಆಯಿತು. ವಾರಕ್ಕೆ ಐದು ದಿನದಂತೆ ವರ್ಷದಲ್ಲಿ 260 ಕೆಲಸದ ದಿನಗಳಿರುವುದರಿಂದ ದಿನಕ್ಕೆ ಸುಮಾರು 4.6 ಬೀಳುತ್ತದೆ, ಅದರ ಒಂದೂವರೆ ಪಟ್ಟು ಎಂದರೆ 6.9. ಇದನ್ನು ಮತ್ತೆ 260ರಿಂದ ಗುಣಿಸಿದರೆ 1,800ರ ಹತ್ತಿರ ಬರುತ್ತದೆ, ಮತ್ತು ಎಷ್ಟೋ ಜನ ಈ ಅಂಕಿ ನೋಡಿಯೇ ರಾಜೀನಾಮೆ ಬರೆಯುತ್ತಾರೆ. ಆದರೆ ಗುತ್ತಿಗೆಯವರಿಗೆ 260 ದಿನವೂ ಬಿಲ್ ಮಾಡಲು ಸಿಗುವುದಿಲ್ಲ. ಸಾರ್ವಜನಿಕ ರಜೆಗೆ 10 ದಿನ, ನಿಮ್ಮ ಸ್ವಂತ ರಜೆಗೆ 20, ಕಾಯಿಲೆ ಕಸಾಲೆಗೆ 5, ಒಂದು ಗುತ್ತಿಗೆ ಮುಗಿದು ಇನ್ನೊಂದು ಕೈಗೆ ಬರುವ ನಡುವಿನ ಖಾಲಿ ದಿನಗಳು 25, ಹೊಸ ಕೆಲಸ ಹುಡುಕುವುದು, ಲೆಕ್ಕಪತ್ರ ಬರೆಯುವುದು, ಹೊಸದೇನನ್ನಾದರೂ ಕಲಿಯುವುದು ಇವಕ್ಕೆಲ್ಲ 20 ಎಂದು ಹಿಡಿದರೂ 80 ದಿನ ಹೋಗಿ ಉಳಿಯುವುದು 180. ಅದನ್ನು 6.9ರಿಂದ ಗುಣಿಸಿ ನೋಡಿ: 1,242. ಈಗ ನಿಮ್ಮ ಕೈಗೆ ಬರುತ್ತಿರುವುದೂ ಹೆಚ್ಚು ಕಡಿಮೆ ಅಷ್ಟೇ.

ಇದು ಕಾಗದದ ಮೇಲಿನ ಹೆದರಿಕೆಯಲ್ಲ. ನಾನು ಖಾಯಂ ಕೆಲಸ ಬಿಟ್ಟ ಮೊದಲ ವರ್ಷ, ಬಿಲ್ ಮಾಡಿದ ದಿನಗಳಿಗೆ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ನೀಲಿ ಶಾಯಿಯ ಗುರುತು ಹಾಕುತ್ತಾ ಬಂದೆ. ಡಿಸೆಂಬರ್ ಕೊನೆಯಲ್ಲಿ ಎಣಿಸಿದಾಗ 171 ಗುರುತುಗಳಿದ್ದವು. ಮೇ ಮತ್ತು ಜೂನ್ ಪುಟಗಳಲ್ಲಿ ಒಂದೂ ಇರಲಿಲ್ಲ. ಆ ಎರಡು ತಿಂಗಳು ನಾನು ಸುಮ್ಮನೆ ಕೂತಿರಲಿಲ್ಲ, ದಿನವೂ ಕೆಲಸ ಹುಡುಕುತ್ತಿದ್ದೆ. ಆದರೆ ಹುಡುಕಾಟಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಇನ್ನು ಸಂಬಳದ ಚೀಟಿಯಲ್ಲಿ ಕೈಗೆ ಬರುವ ಮೊತ್ತವಾಗಿ ಕಾಣದ ಭಾಗವಿದೆ. ನಿವೃತ್ತಿ ನಿಧಿಗೆ ಸಂಸ್ಥೆ ಸೇರಿಸುವ ಪಾಲು, ಕುಟುಂಬದ ಆರೋಗ್ಯ ವಿಮೆ, ಬೋನಸ್, ಸೇವಾವಧಿಗೆ ತಕ್ಕಂತೆ ಬರುವ ಹಣ ಇವೆಲ್ಲ ಸಂಬಳದ ಕಾಲು ಭಾಗದಷ್ಟಾಗುತ್ತವೆ ಎಂದಿಟ್ಟುಕೊಂಡರೆ 300 ಆಯಿತು. ನೀವು ನಕ್ಷೆ ಬಿಡಿಸುವ ತಂತ್ರಾಂಶದ ಲೈಸೆನ್ಸ್ ಈಗ ಕಾರ್ಖಾನೆಯದು, ನಾಳೆ ಅದನ್ನು ನೀವೇ ಕೊಳ್ಳಬೇಕಾಗಬಹುದು; ಕಂಪ್ಯೂಟರ್, ಲೆಕ್ಕ ಪರಿಶೋಧಕರ ಶುಲ್ಕ ಸೇರಿ ಇನ್ನೊಂದು 100 ಎನ್ನಿ. ವರ್ಷದ ಸಂಬಳ 1,200 ಸೇರಿ ಒಟ್ಟು 1,600 ಆಯಿತು. 180 ದಿನಕ್ಕೆ ಹಂಚಿದರೆ ದಿನಕ್ಕೆ 8.9, ಅಂದರೆ ಈಗಿನ ದಿನದ ಸಂಬಳದ ಎರಡು ಪಟ್ಟಿಗೆ ಸ್ವಲ್ಪವೇ ಕಡಿಮೆ. ಅಷ್ಟು ಸಿಕ್ಕರೂ ನೀವು ಈಗ ಇರುವಲ್ಲೇ ಇದ್ದಂತೆ. ಅನಿಶ್ಚಿತತೆಯನ್ನು ಹೊತ್ತುಕೊಳ್ಳುವುದಕ್ಕೆ ಅದರಲ್ಲಿ ಇನ್ನೂ ಏನೂ ಸೇರಿಲ್ಲ. ಇಲ್ಲಿರುವ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಇಟ್ಟು ನೋಡಿ. ನಿಮ್ಮ ಸೌಲಭ್ಯಗಳು ಕಡಿಮೆಯಿದ್ದರೆ ಈ ಪಟ್ಟು ಇಳಿಯುತ್ತದೆ, ಆದರೆ ಒಂದೂವರೆಗೆ ಇಳಿಯುವುದು ಅಪರೂಪ.

ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಬೆಳೆಯಲು ದಾರಿಯಿಲ್ಲ ಎಂದಿದ್ದೀರಿ. ಗುತ್ತಿಗೆಗೆ ಜನರನ್ನು ಕರೆಯುವುದು ಅವರಿಗೆ ಈಗಾಗಲೇ ಗೊತ್ತಿರುವ ಕೆಲಸಕ್ಕೆ. ಬಂದ ಮರುದಿನದಿಂದಲೇ ಕೆಲಸ ಮಾಡಿಕೊಡುವವರನ್ನು ಕಂಪನಿಗಳು ಬಯಸುತ್ತವೆಯೇ ಹೊರತು ತರಬೇತಿ ಕೊಟ್ಟು ಬೆಳೆಸುವ ಉದ್ದೇಶ ಅವಕ್ಕಿರುವುದಿಲ್ಲ, ಅದನ್ನು ತಪ್ಪೆನ್ನಲೂ ಬರುವುದಿಲ್ಲ. ಹನ್ನೊಂದು ವರ್ಷ ಬಿಡಿಸಿದಂಥದ್ದೇ ನಕ್ಷೆಯನ್ನು ಇನ್ನೊಂದು ಕಟ್ಟಡದಲ್ಲಿ ಕೂತು ಬಿಡಿಸುವಂತಾದರೆ, ನೀವು ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟಿರೋ ಅದೇ ನಿಮ್ಮ ಜೊತೆ ಬರುತ್ತದೆ. ಬೇರೆ ಬಗೆಯ ಯಂತ್ರಗಳ ಮೇಲೆ ಕೆಲಸ ಮಾಡುವ ಆಸೆ ನಿಮ್ಮದಾಗಿದ್ದರೆ, ಇನ್ನೊಂದು ಸಂಸ್ಥೆಯ ಖಾಯಂ ಹುದ್ದೆ ಅದಕ್ಕೆ ಹೆಚ್ಚು ಅವಕಾಶ ಕೊಡಬಹುದು. ಅದೇ ನಿಮ್ಮ ಸಮಯದ ಮೇಲೆ ನಿಮಗೇ ಹಿಡಿತ ಬೇಕು, ಹಲವು ಕಂಪನಿಗಳ ಕೆಲಸವನ್ನು ಒಳಗಿನಿಂದ ನೋಡಬೇಕು ಎಂಬುದು ನಿಮ್ಮ ಆಸೆಯಾಗಿದ್ದರೆ ಗುತ್ತಿಗೆ ಕೆಲಸ ಒಳ್ಳೆಯ ದಾರಿ. ನಾನು ಆ ದಾರಿಯಲ್ಲಿ ನಡೆದೆ, ಪಶ್ಚಾತ್ತಾಪವಿಲ್ಲ.

ಆದರೆ ‘ಹಲವು ಕಂಪನಿಗಳು’ ಎಂಬ ಮಾತನ್ನು ಗಮನಿಸಿ. ನಿಮಗೆ ಈಗ ಸಿಕ್ಕಿರುವುದು ಒಂದೇ ಕಂಪನಿ, ಅದರಲ್ಲೂ ಒಬ್ಬರೇ ಪರಿಚಿತರು. ಮುಂದುವರಿಸುತ್ತೇವೆ ಎಂದವರು ನಾಳೆ ಅಲ್ಲಿಂದಲೂ ಬೇರೆಡೆಗೆ ಹೋಗಬಹುದು. ಅವರ ಜಾಗಕ್ಕೆ ಬಂದವರಿಗೆ ಆ ಮಾತಿನ ಹಂಗಿಲ್ಲ. ಒಂದೇ ಕಂಪನಿಗೆ, ಅವರು ಹೇಳಿದ ಹೊತ್ತಿಗೆ, ಅವರ ಮೇಜಿನಲ್ಲಿ ಕೂತು ದುಡಿಯುವುದಾದರೆ ಅದು ನೌಕರಿಯೇ, ನೌಕರಿಯ ರಕ್ಷಣೆ ಮಾತ್ರ ಇರುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಅಂಗೀಕರಿಸಿದ 198ನೇ ಶಿಫಾರಸು ಕೂಡ, ಒಪ್ಪಂದಕ್ಕೆ ಏನೇ ಹೆಸರಿಟ್ಟಿದ್ದರೂ ಕೆಲಸ ವಾಸ್ತವದಲ್ಲಿ ಹೇಗೆ ನಡೆಯುತ್ತಿದೆ ಎಂಬುದನ್ನೇ ಮುಖ್ಯವಾಗಿ ನೋಡಬೇಕೆನ್ನುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲ ಗ್ರಾಹಕರ ಕರೆ ಬಂತೆಂದು ನೌಕರಿ ಬಿಡಬೇಡಿ, ಎರಡನೆಯ ಗ್ರಾಹಕರು ಕಣ್ಣಿಗೆ ಕಂಡ ಮೇಲೆ ಬಿಡಿ. ಈ ಆರು ತಿಂಗಳು ಮುಗಿದ ಮರುವಾರ ನೀವು ಫೋನ್ ಮಾಡಬಹುದಾದ ಮೂವರ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಕಾಲ ಇನ್ನೂ ಪಕ್ವವಾಗಿಲ್ಲ.

ಪತ್ನಿಯವರ ಹಿಂಜರಿಕೆಯನ್ನು ದಯವಿಟ್ಟು ಅಡ್ಡಿಯೆಂದು ತಿಳಿಯಬೇಡಿ. ಅವರು ಸಾಲದ ಕಂತನ್ನು ನೆನೆದು ಹೇಳುತ್ತಿದ್ದಾರೆ, ಮತ್ತು ಯೋಚನೆ ಶುರುವಾಗಬೇಕಾದದ್ದೂ ಅಲ್ಲಿಂದಲೇ. ತಿಂಗಳ ಕೊನೆಗೆ ನೀವು ಬಿಲ್ ಕಳಿಸುತ್ತೀರಿ, 60 ದಿನಗಳಲ್ಲಿ ಪಾವತಿ ಎಂದು ಒಪ್ಪಂದದಲ್ಲಿದ್ದರೆ ಮೊದಲ ಹಣ ಕೈ ಸೇರುವುದು ಮೂರು ತಿಂಗಳ ನಂತರ. ನನ್ನ ಮೊದಲ ಗುತ್ತಿಗೆಯ ಮೊದಲ ಹಣ ಬಂದದ್ದು ಐದನೆಯ ತಿಂಗಳಲ್ಲಿ. ಕೇಳಿದಾಗಲೆಲ್ಲ ಕಡತ ಮೇಲಿದೆ ಎಂಬ ಉತ್ತರ ಸಿಗುತ್ತಿತ್ತು. ಹಾಗಾಗಿ ಇಬ್ಬರೂ ಕೂತು, ಅವರೊಬ್ಬರ ಸಂಬಳದಲ್ಲಿ ಕಂತು ಮತ್ತು ಮನೆಖರ್ಚು ಎಷ್ಟರಮಟ್ಟಿಗೆ ಸಾಗುತ್ತದೆ ಎಂದು ನೋಡಿ, ಕೊರತೆ ಬೀಳುವಷ್ಟನ್ನು ಆರು ತಿಂಗಳಿಗಾಗುವಂತೆ ಮುಟ್ಟದ ಖಾತೆಯಲ್ಲಿ ತೆಗೆದಿಡಿ. ಸ್ವಂತ ಆರೋಗ್ಯ ವಿಮೆಯನ್ನು ನೌಕರಿಯಲ್ಲಿರುವಾಗಲೇ ಮಾಡಿಸಿ, ಏಕೆಂದರೆ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ವಿಧಿಸುವುದು ವಿಮೆಯಲ್ಲಿ ಸಾಮಾನ್ಯ.

ಒಪ್ಪಂದ ಪತ್ರದಲ್ಲಿ ನೋಟಿಸ್ ಅವಧಿ ಇಬ್ಬರಿಗೂ ಸಮನಾಗಿರಲಿ. ನಕ್ಷೆಯಲ್ಲಿ ತಪ್ಪಾದರೆ ನಿಮ್ಮ ಹೊಣೆ ನೀವು ಪಡೆದ ಶುಲ್ಕವನ್ನು ಮೀರಬಾರದು ಎಂಬ ಮಾತು ಬರಹದಲ್ಲಿರಬೇಕು; ವಿನ್ಯಾಸದ ಕೆಲಸದಲ್ಲಿ ಇದನ್ನು ಬಿಟ್ಟರೆ ಒಂದು ಅಳತೆಯ ತಪ್ಪು ವರ್ಷಗಳ ದುಡಿಮೆಯನ್ನು ನುಂಗಬಹುದು. ಈಗಿನ ನೌಕರಿಗೆ ಸೇರುವಾಗ ಸಹಿ ಹಾಕಿದ ಕಾಗದವನ್ನೂ ಹುಡುಕಿ ಓದಿ, ಪ್ರತಿಸ್ಪರ್ಧಿ ಸಂಸ್ಥೆಗೆ ದುಡಿಯುವಂತಿಲ್ಲ ಎಂಬ ಷರತ್ತು ಅದರಲ್ಲಿರಬಹುದು. ಹಳೆಯ ನಕ್ಷೆಗಳ ಒಂದು ಪ್ರತಿಯನ್ನೂ ಜೊತೆಗೆ ಒಯ್ಯಬೇಡಿ.

ಈಗ ಬಂದಿರುವ ರೂಪದಲ್ಲಿ ಈ ಕರೆಯನ್ನು ಒಪ್ಪಬೇಡಿ ಎಂದೇ ಹೇಳುತ್ತೇನೆ. ಹಾಗೆಂದು ಬಾಗಿಲು ಹಾಕಬೇಕಾಗಿಲ್ಲ. ದರ ಎರಡು ಪಟ್ಟಾಗಲಿ, ಅವಧಿ ಒಂದು ವರ್ಷವಾಗಲಿ, ಬಿಲ್ ಕೊಟ್ಟ 30 ದಿನಗಳಲ್ಲಿ ಪಾವತಿಯಾಗಲಿ, ವಾರದಲ್ಲಿ ಒಂದು ದಿನ ಬೇರೆಯವರ ಕೆಲಸಕ್ಕೆ ಬಿಡುವಿರಲಿ ಎಂದು ನಿಮ್ಮ ಹಳೆಯ ಮೇಲಧಿಕಾರಿಗೆ ಬರೆದು ಕೇಳಿ. ಎಲ್ಲವನ್ನೂ ಅವರು ಕೊಡಲಾರರು, ಆದರೆ ಯಾವುದಕ್ಕೆ ಒಪ್ಪಿ ಯಾವುದಕ್ಕೆ ತಡೆಯುತ್ತಾರೆ ಎಂಬುದರಿಂದ ಅವರಿಗೆ ನಿಮ್ಮ ಅಗತ್ಯ ಎಷ್ಟಿದೆ ಎಂದು ತಿಳಿಯುತ್ತದೆ. ಮಾತು ಕುದುರಿದರೂ, ಎರಡೂ ಕಡೆಯ ಸಹಿಯಿರುವ ಪ್ರತಿ ಕೈಗೆ ಬರುವವರೆಗೆ ಕಾರ್ಖಾನೆಗೆ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿ ಮುಗಿಯುವವರೆಗೆ ಹೊಸಬರು ಕಾಯುತ್ತಾರೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.